ನೀರಿನಿಂದ ಮರಳಿ ಬರುವ ವಿದ್ಯೆ



ಕನ್ನಡ ಕಾವ್ಯಲೋಕದಲ್ಲಿ ನೀರಿನಾಳಕ್ಕೆ ಇಳಿದು ಕುಳಿತವರಲ್ಲಿ ಅತ್ಯಂತ ಪ್ರಸಿದ್ಧನಾದವನು ಕೌರವೇಶ್ವರ. ಲಕ್ಕುಂಡಿಯ ಅತ್ತಿಮಬ್ಬೆಯ ಆಶ್ರಯ ಪಡೆದ ರನ್ನನೂ, ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನೂ ಆ ಪ್ರಸಂಗವನ್ನು ಮನದಣಿಯೆ ವರ್ಣಿಸಿದ್ದಾರೆ. ವೈಶಂಪಾಯನ ಸರೋವರದ ತಳದಲ್ಲಿದ್ದ ದುರ್ಯೋಧನನಿಗೆ ಜಲಮಂತ್ರದ ಬಲವಿತ್ತು. ಉಸಿರು ಎಷ್ಟು ಹೊತ್ತು ಸಾಲುತ್ತದೆ, ಮೇಲಕ್ಕೆ ಯಾವ ವೇಗದಲ್ಲಿ ಏಳಬೇಕು ಎಂಬ ಚಿಂತೆ ಅವನಿಗಿರಲಿಲ್ಲ. ಭೀಮನ ಮೂದಲಿಕೆ ಕಿವಿಗೆ ಬಿದ್ದೊಡನೆ ನೀರನ್ನು ಸೀಳಿಕೊಂಡು ಥಟ್ಟನೆ ಮೇಲೆದ್ದು ಬಂದ. ಇಂದಿನ ಸ್ಕೂಬಾ ಮುಳುಗುಗಾರನು ಆಳದಿಂದ ಹಾಗೆ ಥಟ್ಟನೆ ಮೇಲೆದ್ದರೆ ಗದಾಯುದ್ಧಕ್ಕೆ ನಿಲ್ಲುವುದಿರಲಿ, ದಡದ ಮೇಲೆ ನೆಟ್ಟಗೆ ನಿಲ್ಲುವುದೂ ಸಂದೇಹ.

ಸಮುದ್ರದಿಂದ ಇಷ್ಟು ದೂರದ ಗದಗಿನಲ್ಲಿ ಕುಳಿತು ಕನ್ನಡದ ಮೇಷ್ಟರೊಬ್ಬ ಸ್ಕೂಬಾ ವಿಷಯವನ್ನೇಕೆ ಎತ್ತಿಕೊಂಡ ಎಂದು ತಾವು ಕೇಳಬಹುದು. ನಾನು ಮುಳುಗುಗಾರನಲ್ಲ, ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಸು ಕಲಿತವನು, ಅಷ್ಟೇ. ಆದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಅಲ್ಲಿ ಮುಳುಗುವುದನ್ನು ಕಲಿತು ಬಂದು, ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ತಾಸುಗಟ್ಟಲೆ ಮಾತನಾಡಿದ. ಮೀನುಗಳ ಬಣ್ಣವನ್ನೂ ಹವಳದ ಚೆಲುವನ್ನೂ ಅವನು ಬಣ್ಣಿಸಿದ್ದು ಸ್ವಲ್ಪ. ‘ಸರ್, ಅವರು ಮೊದಲು ಕಲಿಸುವುದು ಜನ ಹೇಗೆ ಸತ್ತರು ಎಂಬುದನ್ನು’ ಎಂದ. ಆ ಮಾತು ನನ್ನನ್ನು ಓದಿಗೆ ಹಚ್ಚಿತು. ಓದುತ್ತ ಹೋದಂತೆ, ಇದು ಕಡಲಿನವರಿಗೆ ಮಾತ್ರ ಸೇರಿದ ವಿದ್ಯೆಯಲ್ಲ, ಕೆರೆ, ಬಾವಿ, ಹೊಂಡ, ಹೊಳೆಗಳ ಪಕ್ಕದಲ್ಲಿ ಬದುಕುವ ನಮಗೂ ಬೇಕಾದದ್ದು ಎನಿಸಿತು.

ಮೊದಲು ನೀರಿನ ಒತ್ತಡದ ವಿಷಯ. ನೆಲದ ಮೇಲೆ ನಮ್ಮ ಸುತ್ತಲಿನ ಗಾಳಿ ನಮ್ಮನ್ನು ಒತ್ತುವ ಬಲವನ್ನು ಒಂದು ಎಂದು ಎಣಿಸೋಣ. ನೀರಿನಲ್ಲಿ ಸುಮಾರು 10 ಮೀಟರ್ ಇಳಿದರೆ ಅದು ಎರಡಾಗುತ್ತದೆ. 30 ಮೀಟರಿಗೆ ನಾಲ್ಕಾಗುತ್ತದೆ. ಆ ಆಳದಲ್ಲಿ ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ಮೇಲೆ ಒಂದು ತಾಸು ಬರುವ ಸಿಲಿಂಡರ್ ಅಲ್ಲಿ ಕಾಲು ತಾಸಿಗೆ ಬರಿದು. ಇದರ ಇನ್ನೊಂದು ಮುಖ ಹೆಚ್ಚು ಕ್ರೂರವಾದದ್ದು. 10 ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದು, ಅದನ್ನು ಬಿಗಿಹಿಡಿದು ಮೇಲಕ್ಕೆ ಬಂದರೆ ಆ ಗಾಳಿ ಇಮ್ಮಡಿಯಾಗಿ ಹಿಗ್ಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಗಾಬರಿಯಾದ ಮನುಷ್ಯ ಸಹಜವಾಗಿ ಮಾಡುವ ಕೆಲಸ ಉಸಿರು ಬಿಗಿಹಿಡಿಯುವುದೇ ಅಲ್ಲವೇ? ಆದುದರಿಂದ ‘ಎಂದೂ ಉಸಿರು ಹಿಡಿಯಬೇಡ’ ಎಂಬುದು ಈ ವಿದ್ಯೆಯ ಮೊದಲ ಪಾಠ. ಸಹಜ ಬುದ್ಧಿ ಹೇಳುವುದರ ವಿರುದ್ಧವಾದ ಪಾಠವಾದ್ದರಿಂದಲೇ ಅದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಎರಡನೆಯದು ಸಾರಜನಕದ ಕಾಟ. ನಮ್ಮ ಕಡೆಯ ಗೋಲಿ ಸೋಡಾ ನೆನೆಯಿರಿ. ಗೋಲಿ ಬಾಯಿಗೆ ಅಡ್ಡ ನಿಂತಿರುವವರೆಗೆ ನೀರು ಶಾಂತ. ಗೋಲಿಯನ್ನು ಒತ್ತಿದೊಡನೆ ಕರಗಿದ್ದ ವಾಯುವೆಲ್ಲ ಗುಳ್ಳೆಯಾಗಿ ನುಗ್ಗುತ್ತದೆ. ಆಳದಲ್ಲಿದ್ದವನ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಗಾಳಿಯ ಸಾರಜನಕ ಹಾಗೆಯೇ ಕರಗಿರುತ್ತದೆ. ಅವನು ನಿಧಾನವಾಗಿ ಮೇಲೆದ್ದರೆ ಅದು ಉಸಿರಿನ ಮೂಲಕ ಸದ್ದಿಲ್ಲದೆ ಹೊರಟುಹೋಗುತ್ತದೆ. ಅವಸರ ಮಾಡಿದರೆ ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲುಗಳಲ್ಲಿ ತಡೆಯಲಾರದ ನೋವು, ಬೆನ್ನುಹುರಿಗೆ ತಗುಲಿದರೆ ಪಾರ್ಶ್ವವಾಯು, ಕೆಲವೊಮ್ಮೆ ಸಾವು.

ಈ ರೋಗವನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಮುಳುಗುಗಾರರಿಗಿಂತ ಸೇತುವೆ ಕಟ್ಟುವ ಕೂಲಿಗಳೇ ಮುಖ್ಯರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಬುನಾದಿ ತೋಡಲು ನದಿಯ ತಳಕ್ಕೆ ದೊಡ್ಡ ಪೆಟ್ಟಿಗೆಗಳನ್ನು ಇಳಿಸಿ, ನೀರು ಒಳನುಗ್ಗದಂತೆ ಒತ್ತಡದ ಗಾಳಿ ತುಂಬಿ, ಅದರೊಳಗೆ ಜನರನ್ನು ದುಡಿಸುತ್ತಿದ್ದರು. ಮೇಲೆ ಬಂದವರು ನೋವಿನಿಂದ ಬಾಗಿ ನಡೆಯುತ್ತಿದ್ದರು, ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ರೋಗಕ್ಕೆ ತುತ್ತಾಗಿ ಮನೆ ಸೇರಿದ. 1883ರಲ್ಲಿ ಸೇತುವೆ ತೆರೆಯುವವರೆಗೂ ಅವನ ಹೆಂಡತಿ ಎಮಿಲಿ ಅವನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಹೊತ್ತು ನಡೆದಳು. ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ಈ ಕಾಟದ ಮೂಲ ಸಾರಜನಕದ ಗುಳ್ಳೆ ಎಂದು ತೋರಿಸಿದ. ಬ್ರಿಟನ್ನಿನ ಹಾಲ್ಡೇನ್ ಮತ್ತು ಅವನ ಸಂಗಡಿಗರು ಆಡುಗಳನ್ನು ಒತ್ತಡದ ಕೋಣೆಯಲ್ಲಿ ನಿಲ್ಲಿಸಿ ಪರೀಕ್ಷಿಸಿ, ಯಾವ ಆಳದಲ್ಲಿ ಎಷ್ಟು ಹೊತ್ತು ನಿಂತು ಮೇಲೇಳಬೇಕೆಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಇಂದು ಸ್ಕೂಬಾ ಕಲಿಯುವವನಿಗೆ ನಿಮಿಷಕ್ಕೆ 9-10 ಮೀಟರಿಗಿಂತ ವೇಗವಾಗಿ ಮೇಲೇಳಬೇಡ, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲು ಎಂದು ಹೇಳಿಕೊಡುತ್ತಾರೆ. ಆ ಮೂರು ನಿಮಿಷಗಳ ಹಿಂದೆ ಬಾಗಿ ನಡೆದ ಕೂಲಿಗಳ ನೋವೂ, ಕಪ್ಪತಗುಡ್ಡದ ಕುರಿಗಾರ ಕೇಳಿದರೆ ನಕ್ಕುಬಿಡಬಹುದಾದ ಆ ಆಡುಗಳ ಪಾಡೂ ಇವೆ.

ಮೂರನೆಯದು ಅಮಲು. 1943ರಲ್ಲಿ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾಂ ಬೆನ್ನಿಗೆ ಹೊರುವ ಉಸಿರಾಟದ ಸಲಕರಣೆಯನ್ನು ರೂಪಿಸಿ ಈ ವಿದ್ಯೆಯನ್ನು ಎಲ್ಲರ ಕೈಗೆಟಕಿಸಿದರು. ಅದಾಗಿ ನಾಲ್ಕೇ ವರ್ಷಕ್ಕೆ, 1947ರಲ್ಲಿ, ಕೂಸ್ತೋವಿನ ತಂಡದ ಮೋರಿಸ್ ಫಾರ್ಗ್ ಎಂಬ ನುರಿತ ಮುಳುಗುಗಾರ ಸುಮಾರು 120 ಮೀಟರ್ ಆಳದಲ್ಲಿ ಪ್ರಾಣ ಬಿಟ್ಟ. ಹೆಚ್ಚಿನ ಒತ್ತಡದಲ್ಲಿ ಸಾರಜನಕ ಮಿದುಳಿಗೆ ಮದ್ಯದಂತೆ ಏರುತ್ತದೆ. ಭಯ ಹೋಗುತ್ತದೆ, ಎಲ್ಲವೂ ಸುಲಭವೆನಿಸುತ್ತದೆ. ನಮ್ಮಲ್ಲಿ ‘ನೀರಿಗಿಳಿದವನಿಗೆ ಚಳಿಯೇನು’ ಎಂಬ ಗಾದೆಯುಂಟು. ಧೈರ್ಯ ತುಂಬಲು ಅದು ಒಳ್ಳೆಯ ಗಾದೆ. ಆದರೆ ಚಳಿ ತಿಳಿಯದೆ ಹೋದ ಗಳಿಗೆಯೇ ಅಪಾಯದ ಗಳಿಗೆ ಎಂಬುದು ಮುಳುಗುಗಾರನ ಅನುಭವ.

ಈಗ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಸಂಗತಿಗೆ ಬರುತ್ತೇನೆ. ಅಮೆರಿಕದ ಫ್ಲಾರಿಡಾದಲ್ಲಿ ನೀರು ತುಂಬಿದ ನೆಲದಡಿಯ ಗವಿಗಳಿವೆ. ಅವುಗಳ ಒಳಹೊಕ್ಕು ಹಲವಾರು ತರುಣರು ಸತ್ತರು. ಶೆಕ್ ಎಕ್ಸ್‌ಲಿ ಎಂಬಾತ ಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟರು, ಗವಿಗಳ ಮುಳುಗುಗಾರ. ಅವನು ಒಂದೊಂದು ಸಾವನ್ನೂ ಎದುರಿಗಿಟ್ಟುಕೊಂಡು, ಇಲ್ಲಿ ಏನು ತಪ್ಪಿತು ಎಂದು ಗಣಿತದ ಲೆಕ್ಕದಂತೆ ಬಿಡಿಸುತ್ತ ಹೋಗಿ 1979ರಲ್ಲಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಬೇರೆ ಬೇರೆಯಾಗಿ ಕಾಣುತ್ತಿದ್ದ ಸಾವುಗಳಲ್ಲಿ ಮತ್ತೆ ಮತ್ತೆ ಕಂಡ ಕಾರಣಗಳು ಮೂರು. ಗವಿಯ ಬಾಯಿಯಿಂದ ಒಳಗಿನವರೆಗೆ ಕಡಿಯದ ದಾರವನ್ನು ಎಳೆದುಕೊಂಡು ಹೋಗಿರಲಿಲ್ಲ. ಮರಳುವ ದಾರಿಗೆ ಸಾಕಷ್ಟು ಗಾಳಿಯನ್ನು ಉಳಿಸಿಕೊಂಡಿರಲಿಲ್ಲ. ಮಿತಿ ಮೀರಿದ ಆಳಕ್ಕೆ ಇಳಿದಿದ್ದರು. ತಕ್ಕ ತರಬೇತಿ ಇರಬೇಕು, ಒಂದಕ್ಕಿಂತ ಹೆಚ್ಚು ದೀಪ ಇರಬೇಕು ಎಂಬ ಮಾತುಗಳೂ ಇವುಗಳೊಂದಿಗೆ ಸೇರಿಕೊಂಡವು. ಗಾಳಿಯ ವಿಷಯದಲ್ಲಿ ನಿಯಮವಂತೂ ಮಗುವಿಗೂ ತಿಳಿಯುವಂಥದು: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು.

ಇದನ್ನು ಓದುವಾಗ ನನಗೆ ನೆನಪಾದವನು ಅಭಿಮನ್ಯು. ಚಕ್ರವ್ಯೂಹವನ್ನು ಹೊಗುವ ವಿದ್ಯೆ ಅವನಿಗಿತ್ತು, ಹೊರಡುವ ವಿದ್ಯೆ ಇರಲಿಲ್ಲ. ನಾವು ತರಗತಿಗಳಲ್ಲಿ ಅವನ ವೀರಕ್ಕೆ ಕಣ್ಣೀರು ಸುರಿಸಿ ಪಾಠ ಮುಗಿಸಿದೆವು. ಎಕ್ಸ್‌ಲಿಯಂಥವರು ಕಣ್ಣೀರಿನ ಜೊತೆಗೆ ಒಂದು ಪ್ರಶ್ನೆಯನ್ನೂ ಹಾಕಿಕೊಂಡರು: ಮುಂದಿನ ಅಭಿಮನ್ಯು ಹೊರಬರಬೇಕಾದರೆ ಏನು ಮಾಡಬೇಕು? ಅದೇ ಎಕ್ಸ್‌ಲಿ 1994ರಲ್ಲಿ ಮೆಕ್ಸಿಕೋದ ಜಕಾತೋನ್ ಎಂಬ ಆಳವಾದ ಮಡುವಿನಲ್ಲಿ ದಾಖಲೆಯ ಆಳ ಮುಟ್ಟಲು ಹೋಗಿ ತೀರಿಕೊಂಡ. ನಿಯಮ ಬರೆದವನಿಗೂ ನೀರು ರಿಯಾಯಿತಿ ತೋರಿಸಲಿಲ್ಲ. ಆದರೆ ಅವನು ಬರೆದಿಟ್ಟದ್ದನ್ನು ಓದಿ ಹೊರಬಂದವರು ಇಂದಿಗೂ ಇದ್ದಾರೆ. 2018ರ ಜುಲೈಯಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಯಲ್ಲಿ ಸಿಕ್ಕಿಬಿದ್ದ 12 ಬಾಲಕರನ್ನೂ ಅವರ ತರಬೇತುದಾರನನ್ನೂ ಮುಳುಗುಗಾರರು ಹೊರತಂದದ್ದನ್ನು ತಾವು ಬಲ್ಲಿರಿ. ಆ ರಕ್ಷಣೆಗಾಗಿ ಗವಿಯೊಳಗೆ ಗಾಳಿಯ ಸಿಲಿಂಡರುಗಳನ್ನು ಇಟ್ಟು ಮರಳುತ್ತಿದ್ದ ಸಮನ್ ಗುನಾನ್ ಎಂಬ ಮಾಜಿ ನೌಕಾಯೋಧ ಜುಲೈ 6ರಂದು ದಾರಿಯಲ್ಲೇ ಅಸುನೀಗಿದ.

1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ ಇಂಥ ಅಪಘಾತಗಳ ವಿವರಗಳನ್ನು ಕೂಡಿಸುತ್ತ ಬಂದಿದೆ. ಅಂಥ ವರದಿಗಳಲ್ಲಿ ಒಂದು ವಿಷಾದದ ಸಂಗತಿ ಪದೇ ಪದೇ ಬರುತ್ತದೆ. ಸತ್ತವರಲ್ಲಿ ಅನೇಕರ ಸೊಂಟದಲ್ಲಿ ತೂಕದ ಪಟ್ಟಿ ಹಾಗೆಯೇ ಇರುತ್ತದೆ. ಬಿಚ್ಚಿ ಬಿಟ್ಟಿದ್ದರೆ ಮೈ ತಾನಾಗಿ ತೇಲುತ್ತಿತ್ತು. ಗಾಬರಿ ಆ ಒಂದು ಬೆರಳಿನ ಕೆಲಸವನ್ನು ಮರೆಸಿತು. ಜೊತೆಗಾರನಿಂದ ಅಗಲಿದವರು, ಗುಂಡಿಗೆಯ ರೋಗವಿದ್ದೂ ವೈದ್ಯರಿಗೆ ತೋರಿಸದೆ ಇಳಿದವರು, ಅಂದು ಬೇಡವೆನಿಸಿದರೂ ಸಂಕೋಚದಿಂದ ಸುಮ್ಮನಿದ್ದವರು ಹೀಗೆ ಆ ಪಟ್ಟಿ ಬೆಳೆಯುತ್ತದೆ. ಅದಕ್ಕೇ ಮುಳುಗುಗಾರರಲ್ಲಿ ಒಂದು ಒಪ್ಪಂದವಿದೆ: ಯಾರೇ ಆಗಲಿ, ಯಾವ ಗಳಿಗೆಯಲ್ಲೇ ಆಗಲಿ, ‘ಸಾಕು’ ಎಂದು ಹೆಬ್ಬೆರಳನ್ನು ಮೇಲೆತ್ತಿದರೆ ಉಳಿದವರು ಕಾರಣ ಕೇಳದೆ ಮರಳಬೇಕು.

ಇಳಿಯದಿರುವುದೂ ಒಂದು ವಿದ್ಯೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯಲ್ಲಿದ್ದವರು ಮಣ್ಣಿನಡಿ ಸಿಕ್ಕರು. ಒಂದು ಲಾರಿ ಗಂಗಾವಳಿಯ ಪಾಲಾಯಿತು. ಹೊಳೆ ಕೆಂಪಾಗಿ ಹರಿಯುತ್ತಿತ್ತು, ಒಳಗೆ ಏನೂ ಕಾಣದು, ಸೆಳವು ಭಯಂಕರ. ನೌಕಾಪಡೆಯ ನುರಿತವರೂ ಆ ಸೆಳವಿನ ಎದುರು ಕಾಯಬೇಕಾಯಿತು. ಮಲ್ಪೆಯ ಸಾಹಸಿಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ನೋಡಿದರು. ಕೊನೆಗೆ ಮಳೆಗಾಲದ ರಭಸ ಇಳಿದ ಮೇಲೆ, ಸೆಪ್ಟೆಂಬರ್ 25ರಂದು, ಲಾರಿಯನ್ನು ಮೇಲೆತ್ತಲಾಯಿತು. ಕಾಯುತ್ತಿದ್ದ ಮನೆಯವರ ಸಂಕಟವನ್ನು ನೆನೆದರೆ ಕರುಳು ಹಿಂಡುತ್ತದೆ. ಆದರೂ ಕಾದು ನಿಂತವರನ್ನು ಹೇಡಿಗಳೆನ್ನಲು ನನ್ನ ನಾಲಗೆ ಏಳದು. ನೀರು ಕೊಟ್ಟ ಉತ್ತರವನ್ನು ಅವರು ಓದಬಲ್ಲವರಾಗಿದ್ದರು.

ಇನ್ನು ನಮ್ಮ ಮಾತು. ಭಾರತದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಇವರಲ್ಲಿ ಸ್ಕೂಬಾದವರು ಬೆರಳೆಣಿಕೆಯಷ್ಟೂ ಇರಲಾರರು. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಯಲ್ಲಿ ಮರಳು ತೆಗೆದ ತೆಗ್ಗುಗಳಿವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಯಲ್ಲಿ ತಳ ಸಿಗದು. ಲಕ್ಷ್ಮೇಶ್ವರದ ಸುತ್ತಿನ ಹೊಲಗಳಲ್ಲಿ ಕೃಷಿಹೊಂಡಗಳಿವೆ. ಬರಗಾಲದ ಸೀಮೆಗೆ ಅವು ಉಪಕಾರಿಗಳೇ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಒಳಗೆ ಬಿದ್ದವನಿಗೆ ದಡ ಮೂರು ಮಾರು ದೂರದಲ್ಲಿದ್ದರೂ ಕೈಗೆ ಹಿಡಿತ ಸಿಗದು. ಈಸು ಬಲ್ಲವನೂ ಸೋತುಹೋಗುತ್ತಾನೆ.

ಲಕ್ಕುಂಡಿಯ ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿಯನ್ನು ಶಿಲ್ಪದ ಚೆಲುವಿಗಾಗಿ ನಾವು ಹೊಗಳುತ್ತೇವೆ. ಒಮ್ಮೆ ಬೇರೆ ಕಣ್ಣಿನಿಂದ ನೋಡಿರಿ. ನೀರು ಮೇಲಿರಲಿ, ತಳ ಸೇರಿರಲಿ, ಯಾವ ಮಟ್ಟದಲ್ಲಿದ್ದರೂ ಮನುಷ್ಯನ ಕಾಲಿಗೆ ಒಂದು ಮೆಟ್ಟಿಲು ಸಿಗುತ್ತದೆ. ಇಳಿಯುವ ದಾರಿಯೇ ಏರುವ ದಾರಿ. ಸಾವಿರ ವರ್ಷದ ಹಿಂದಿನ ನಮ್ಮ ಶಿಲ್ಪಿಗೆ ತಿಳಿದಿದ್ದ ಈ ವಿವೇಕ ಇಂದಿನ ಹೊಂಡಕ್ಕೆ ಬೇಡವಾಯಿತೇ? ದಡದ ಗಟ್ಟಿ ಗೂಟಕ್ಕೆ ಕಟ್ಟಿ, ಮಾರಿಗೊಂದು ಗಂಟು ಹಾಕಿ, ನೀರಿನವರೆಗೆ ಇಳಿಬಿಟ್ಟ ಒಂದು ಹಗ್ಗಕ್ಕೆ ಎಷ್ಟು ಖರ್ಚಾದೀತು? ಸುತ್ತಲೂ ಒಂದು ಬೇಲಿ, ಹಗ್ಗ ಕಟ್ಟಿದ ಒಂದು ಖಾಲಿ ಕ್ಯಾನು ಇದ್ದರೆ ಇನ್ನೂ ಲೇಸು.

ನಮ್ಮಲ್ಲಿ ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಒಬ್ಬನ ಹೆಸರಿನ ಜೊತೆಗೆ ಬಹಳ ಸಲ ಇನ್ನೊಬ್ಬನ ಹೆಸರೂ ಇರುತ್ತದೆ. ತಮ್ಮ ಬಿದ್ದ, ಅಣ್ಣ ಹಾರಿದ. ಮಗಳು ಜಾರಿದಳು, ತಾಯಿ ಕೈ ಚಾಚಿದಳು. ಮುಳುಗುತ್ತಿರುವವನು ಪ್ರಾಣಭಯದಿಂದ ಕೈಗೆ ಸಿಕ್ಕವರನ್ನು ಅಪ್ಪಿಬಿಡುತ್ತಾನೆ. ಹಗ್ಗ ಎಸೆಯಿರಿ, ಕೋಲು ಚಾಚಿರಿ, ಸೀರೆಯನ್ನಾದರೂ ಬಿಚ್ಚಿ ಎಸೆಯಿರಿ. ಕಲಿಯದವರು ಹಾರಬಾರದು ಎಂದು ಮಕ್ಕಳಿಗೆ ಶಾಲೆಯಲ್ಲೇ ಹೇಳಿಕೊಡಬೇಕು. ಪ್ರೀತಿಗೂ ಒಂದು ತರಬೇತಿ ಬೇಕಾಗುತ್ತದೆ.

ಇಷ್ಟಾಗಿಯೂ ನಾವು ಆಡುವ ಮಾತು ಯಾವುದು? ‘ಹಣೆಬರಹ’, ‘ಕೆರೆ ಬಲಿ ತೆಗೆದುಕೊಂಡಿತು’. ಈ ಮಾತುಗಳಲ್ಲಿ ದುಃಖಕ್ಕೆ ಸಮಾಧಾನವಿದೆ, ಅದನ್ನು ಅಲ್ಲಗಳೆಯಲಾರೆ. ಮಗನನ್ನು ಕಳೆದುಕೊಂಡ ತಾಯಿಗೆ ಲೆಕ್ಕ ಒಪ್ಪಿಸಲು ಹೋಗುವುದು ಅಮಾನುಷ. ಆದರೆ ಹದಿನೈದು ದಿನ ಕಳೆದ ಮೇಲಾದರೂ ಊರಿನ ನಾಲ್ಕು ಜನ ಆ ಹೊಂಡದ ಬಳಿ ನಿಂತು, ಯಾರನ್ನೂ ದೂರದೆ, ಎಲ್ಲಿ ಕಾಲು ಜಾರಿತು, ಎಷ್ಟು ಆಳವಿತ್ತು, ಕೈಗೆ ಏನಿದ್ದರೆ ಜೀವ ಉಳಿಯುತ್ತಿತ್ತು ಎಂದು ನೋಡಿ, ಪಂಚಾಯತಿಯ ಪುಸ್ತಕದಲ್ಲಿ ಒಂದು ಪುಟ ಬರೆದಿಡಬಾರದೇ? ಆ ಪುಟವನ್ನು ಪಕ್ಕದ ಊರಿನವರು ಓದಬಾರದೇ? ಫ್ಲಾರಿಡಾದ ಗಣಿತದ ಮೇಷ್ಟರು ಮಾಡಿದ್ದು ಇಷ್ಟೇ.

ಮುಂದಿನ ಬೇಸಿಗೆಯ ರಜೆಗೆ ಮಕ್ಕಳು ಮತ್ತೆ ಹೊಳೆಗೆ, ಹೊಂಡಕ್ಕೆ ಹೋಗುತ್ತಾರೆ. ಹೋಗಲಿ, ನೀರು ಕಂಡ ಮಕ್ಕಳನ್ನು ತಡೆದವರುಂಟೇ? ಅವರು ಹೋಗುವುದಕ್ಕೆ ಮೊದಲು ಆ ಹಗ್ಗವೊಂದು ಅಲ್ಲಿ ತೂಗುತ್ತಿರಲಿ.