ನೂರಕ್ಕೆ ನೂರು ಪಡೆದ ಸೊಸೆ

(ಅಮಾಸೆಬೈಲಿನ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳು)

ಅಕ್ಕತಂಗಿಯರೇ,

ನಾನು ಈ ಊರಿನ ಮಗಳು. ಮಳೆಗಾಲದಲ್ಲಿ ಹಳ್ಳ ದಾಟಿ, ಒದ್ದೆ ಲಂಗದಲ್ಲೇ ಶಾಲೆಗೆ ಹೋದವಳು. ತರಗತಿಗೆ ಯಾವಾಗಲೂ ಮೊದಲಿಗಳು. "ಹೆಣ್ಣಂದ್ರೆ ಹೀಂಗಿರ್ಕ್ ಕಾಣಿ. ಓದೂಕೂ ಸೈ, ಕೆಲ್ಸಕ್ಕೂ ಸೈ, ಎದುರು ಮಾತಿಲ್ಲ" ಎಂದು ನೆರೆಮನೆಯವರು ಹೊಗಳುತ್ತಿದ್ದರು. ಆ ಹೊಗಳಿಕೆಯ ಕೊನೆಯ ಎರಡು ಪದಗಳೇ ನನ್ನ ಕುತ್ತಿಗೆಗೆ ಬಂದವು.

ಪದವಿ ಮುಗಿಸಿ ನೌಕರಿ ಹಿಡಿದೆ. ದುಡಿಯುವ ಹುಡುಗಿಗೆ ವರದಕ್ಷಿಣೆ ಏಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪಯ್ಯ ಅಡಿಕೆ ತೋಟದ ಮೇಲೆ ಸಾಲ ಮಾಡಿ ಕೊಟ್ಟರು. ಅದನ್ನು 'ಉಡುಗೊರೆ' ಎಂದು ಕರೆದೆವು.

ಗಂಡನ ಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದೆ. ನೀರುದೋಸೆ ಹರಿದರೆ ಅದನ್ನು ನಾನು ತಿಂದು, ಉಳಿದವರಿಗೆ ಬೇರೆ ಎರೆಯುತ್ತಿದ್ದೆ. ಸಂಬಳವನ್ನು ಪೂರ್ತಿ ಗಂಡನ ಕೈಗಿಡುತ್ತಿದ್ದೆ. ಮೊದಲ ಏಟು ಬಿದ್ದದ್ದು ಆಫೀಸಿನಿಂದ ತಡವಾಗಿ ಬಂದ ಸಂಜೆ. ಆ ರಾತ್ರಿ ನಾನು ಯೋಚಿಸಿದ್ದೇನು ಗೊತ್ತೇ? ನಾಳೆ ಯಾವ ಬಸ್ಸು ಹಿಡಿದರೆ ಬೇಗ ತಲುಪಬಹುದು ಎಂದು! ಎರಡು ಅಂಕ ಹೋದರೆ ನನ್ನ ತಪ್ಪನ್ನೇ ಹುಡುಕಿ ಬೆಳೆದವಳಲ್ಲವೇ? ಬೇಗ ಬಂದೆ. ಆಗ ಸಾರಿಗೆ ಉಪ್ಪು ಹೆಚ್ಚಾಯಿತು. ಹೊಡೆಯುವವನಿಗೆ ತಪ್ಪು ಎಲ್ಲಾದರೂ ಸಿಗುತ್ತದೆ.

ಆಫೀಸಿನಲ್ಲಿ ನಗುನಗುತ್ತಾ ಬೇರೆಯವರ ಕಡತಗಳನ್ನೂ ಮುಗಿಸಿಕೊಡುತ್ತಿದ್ದೆ. ಹೇಳಿಕೊಂಡರೆ 'ಜಾಣೆ' ಎಂಬ ಹೆಸರು ಹೋಗುವುದೆಂಬ ನಾಚಿಕೆ. ಓದದ ಹೆಂಗಸು ಅಂಗಳಕ್ಕೆ ಬಂದು ಕೂಗಿಯಾಳು. ಓದಿದ ನಾನು ಕಿಟಕಿ ಮುಚ್ಚಿದೆ.

ನಮ್ಮ ಕುಂದಾಪುರದ ವೈದೇಹಿಯವರೂ ಒಮ್ಮೆ ತಮ್ಮ ಕಥೆಯಲ್ಲಿ ನಿಜಜೀವನದ ಸಂಗತಿ ಇದೆಯೆಂದು ಅಳುಕಿ, ಅಚ್ಚು ಹಾಕಬೇಡಿರೆಂದು 'ಸುಧಾ'ಕ್ಕೆ ಬರೆದಿದ್ದರಂತೆ. ಸಂಪಾದಕರು ಹೆಸರು ಬದಲಿಸಿ ಪ್ರಕಟಿಸಿದರು. 'ವೈದೇಹಿ' ಹುಟ್ಟಿದ್ದು ಹಾಗೆ. 2009ರಲ್ಲಿ 'ಕ್ರೌಂಚ ಪಕ್ಷಿಗಳು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಳುಕಿದವರೂ ಮಾತಾಡಬಲ್ಲರು.

ವರದಕ್ಷಿಣೆ 1961ರ ಕಾಯಿದೆಯಿಂದಲೇ ಅಪರಾಧ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಏಟು ಮಾತ್ರವಲ್ಲ, ಬೈಗುಳ, ಅವಮಾನ, ಹೆಂಡತಿಯ ದುಡ್ಡು ಕಸಿಯುವುದು ಕೂಡ ಹಿಂಸೆಯೇ. ವಾಸದ ಮನೆಯಲ್ಲಿ ಇರುವ ಹಕ್ಕು ನಮಗಿದೆ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ನೆರವು ಉಚಿತ. ಸಹಾಯವಾಣಿ 181. ಇದೆಲ್ಲ 'ಒಳ್ಳೆಯ ಸೊಸೆ'ಗೆ ಮಾತ್ರ ಎಂದು ಎಲ್ಲಿಯೂ ಬರೆದಿಲ್ಲ.

ಹದಿನಾಲ್ಕು ವರ್ಷಗಳ ನಂತರ ರಕ್ಷಣಾಧಿಕಾರಿಯ ಬಳಿಗೆ ಹೋದೆ. ಅಲ್ಲೂ ಅರ್ಜಿಯನ್ನು ಮೂರು ಸಲ ಹರಿದು ಬರೆದೆ, ಅಕ್ಷರ ಚೆಂದ ಬರಲಿಲ್ಲವೆಂದು! ಜೊತೆಗೆ ಬಂದ ಗೆಳತಿ ಕಾಗದ ಕಸಿದುಕೊಂಡು, "ಸಾಕ್ ಮಾರಾಯ್ತಿ, ಇದ್ ಪರೀಕ್ಷೆ ಅಲ್ಲ" ಎಂದಳು.

ಆ ಮಾತನ್ನೇ ನಿಮಗೆ ಕೊಟ್ಟು ಹೋಗುತ್ತೇನೆ. ಮನೆಯಲ್ಲಿ ಮಗಳು ಎದುರು ಮಾತಾಡಿದರೆ ಬಾಯಿ ಮುಚ್ಚಿಸಬೇಡಿ. ಅವಳ ಅಂಕಪಟ್ಟಿ ನೋಡುವಾಗ, "ಈ ವಾರ ಯಾರಿಗಾದರೂ 'ಆಗುವುದಿಲ್ಲ' ಅಂದೆಯಾ ಮಗಾ?" ಎಂದೂ ಕೇಳಿ.