ಹಳೇ ಕಾರಿಗೆ ಹೊಸ ಸೀಟು



ನಾವು ಆರು ಜನ ಹೆಂಗಸರು. ಮೊದಲು ರವಿಕೆ, ಲಂಗ ಹೊಲೀತಿದ್ವಿ. ಈಗ ಹಳೇ ಕಾರುಗಳ ಸೀಟು ಹೊಲೀತೀವಿ. ಸೀಟು ಒಂದೇ ಅಲ್ಲ. ಕಾರಿನ ಒಳಗೆ ಇರುವುದನ್ನೆಲ್ಲ ಬಿಚ್ಚುತ್ತೀವಿ. ತೊಳೆದು, ರಿಪೇರಿ ಮಾಡಿ, ಮತ್ತೆ ಕೂಡಿಸ್ತೀವಿ. ಆ ಕೆಲಸದ ವಿಷಯ ನಿಮಗೆ ಹೇಳೋಣ ಅಂತ ಬಂದಿದ್ದೀವಿ.

"ಕಾರಿನ ಕೆಲಸ ಗಂಡಸರದ್ದಲ್ಲವೇ?" ಅಂತ ನೀವು ಕೇಳಬಹುದು. ಎಂಜಿನ್ ಕೆಲಸ ಮೆಕ್ಯಾನಿಕ್ ನೋಡಿಕೊಳ್ಳಲಿ. ಆದರೆ ಕಾರಿನ ಒಳಗೆ ಏನಿದೆ, ನೋಡಿ. ಬಟ್ಟೆ ಇದೆ. ನಾರು ಇದೆ. ಹೊಲಿಗೆ ಇದೆ. ಇವೆಲ್ಲ ನಮ್ಮ ಕೈ ಬಲ್ಲ ಕೆಲಸವೇ.

ಅಂಬಾಸಿಡರ್ ಕಾರು

ಅಂಬಾಸಿಡರ್ ಕಾರು ನಿಮಗೆ ಗೊತ್ತೇ ಇದೆ. ದುಂಡನೆಯ ಮೂತಿ. ಉಬ್ಬಿದ ಬೆನ್ನು. ಮಂತ್ರಿಗಳು, ಡೀಸಿ ಸಾಹೇಬರು ಅದರಲ್ಲೇ ಓಡಾಡುತ್ತಿದ್ದರು. ಮದುವೆ ದಿಬ್ಬಣವೂ ಅದರಲ್ಲೇ ಬರುತ್ತಿತ್ತು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲಿ ಇದನ್ನು ಮಾಡಿದರು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯ ಕಾರ್ಖಾನೆ ಇತ್ತು. 1950ರ ದಶಕದ ಕೊನೆಯಲ್ಲಿ ಅಲ್ಲಿ ಈ ಕಾರು ತಯಾರಾಗತೊಡಗಿತು. 2014ರಲ್ಲಿ ತಯಾರಿಕೆ ನಿಂತಿತು. ಈಗ ಇರುವ ಹಳೇ ಕಾರುಗಳನ್ನೇ ಕೆಲವರು ಪ್ರೀತಿಯಿಂದ ಕಾಪಾಡುತ್ತಾರೆ.

2021ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. 50 ವರ್ಷ ದಾಟಿದ ಗಾಡಿಗಳನ್ನು ಬೇರೆಯಾಗಿ ನೋಂದಾಯಿಸಬಹುದು. ಆದರೆ ಅಂಥ ಗಾಡಿ ಮೂಲ ರೂಪದಲ್ಲೇ ಉಳಿದಿರಬೇಕು. ಅದಕ್ಕೇ ಯಜಮಾನರು "ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ" ಅಂತಾರೆ. ಹಾಗೇ ಮಾಡಬೇಕು ಅಂದರೆ, ಮೊದಲು ಹೇಗಿತ್ತು ಅಂತ ಬರೆದಿಡಬೇಕು. ನಮ್ಮ ಕೆಲಸ ಶುರುವಾಗುವುದು ಪೆನ್ಸಿಲ್ಲಿನಿಂದ. ಸೂಜಿ ಆಮೇಲೆ.

ಬಿಚ್ಚುವ ಕೆಲಸ

ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಬೇಕು. ಇಲ್ಲಾಂದ್ರೆ ಕಿಡಿ ಹಾರೀತು. ಇದನ್ನು ಮೆಕ್ಯಾನಿಕ್ ಕೈಲಿ ಮಾಡಿಸ್ತೀವಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ತೀವಿ. ಹಳೇ ಸೀಟಿನಲ್ಲಿ ಧೂಳು ಇರುತ್ತದೆ. ಇಲಿ ಗೂಡೂ ಇರಬಹುದು.

ಆಮೇಲೆ ಸಾಲಾಗಿ ಬಿಚ್ಚುತ್ತೀವಿ. ಹಿಂದಿನ ಸೀಟು, ಮುಂದಿನ ಸೀಟು, ನೆಲದ ಹಾಸು, ಬಾಗಿಲಿನ ಹಲಗೆ. ಕೊನೆಗೆ ಚಾವಣಿಯ ಬಟ್ಟೆ. ತುಕ್ಕು ಹಿಡಿದ ಬೋಲ್ಟನ್ನು ಜಗ್ಗಬಾರದು. ಸಂಜೆಯೇ ಎಣ್ಣೆ ಬಿಟ್ಟು, ಬೆಳಗ್ಗೆ ತಿರುಗಿಸಬೇಕು.

ಒಂದೊಂದು ಜಾಗದ ಸ್ಕ್ರೂಗೂ ಒಂದೊಂದು ಪೊಟ್ಟಣ. ಪೊಟ್ಟಣದ ಮೇಲೆ ಬರೀತೀವಿ: "ಮುಂದಿನ ಬಾಗಿಲು, ಎಡ, 6 ಸ್ಕ್ರೂ."

ಎಡ ಅಂದರೆ ಯಾವ ಕಡೆ? ಕಾರಿನ ಮುಂದೆ ನಿಂತವಳ ಎಡವೇ ಬೇರೆ. ಕಾರಿನಲ್ಲಿ ಕೂತವಳ ಎಡವೇ ಬೇರೆ. ನಾವು ಒಂದು ಮಾತು ಮಾಡಿಕೊಂಡಿದ್ದೀವಿ. ಕಾರಿನಲ್ಲಿ ಕೂತು ಮುಂದೆ ನೋಡಿದಾಗ ಯಾವುದು ಎಡವೋ ಅದೇ ಎಡ. ಹೀಗೆ ಬರೆದರೆ ಒಬ್ಬಳು ಬಿಚ್ಚಿದ್ದನ್ನು ಇನ್ನೊಬ್ಬಳು ಕೂಡಿಸಬಹುದು. ಒಬ್ಬಳಿಗೆ ಜ್ವರ ಬಂದರೂ ಕೆಲಸ ನಿಲ್ಲುವುದಿಲ್ಲ.

ಸೀಟಿನ ಹೊಟ್ಟೆಯೊಳಗೆ

ಹಳೇ ಸೀಟಿನ ಒಳಗೆ ಏನಿರುತ್ತದೆ ಗೊತ್ತೇ? ಕೆಳಗೆ ಕಬ್ಬಿಣದ ಚೌಕಟ್ಟು, ಸ್ಪ್ರಿಂಗು. ಅದರ ಮೇಲೆ ಗೋಣಿ ತಟ್ಟು. ಆಮೇಲೆ ತೆಂಗಿನ ನಾರಿನ ಹಾಸು. ಹೌದು, ನಮ್ಮ ತೆಂಗಿನ ನಾರೇ! ನಾರಿಗೆ ರಬ್ಬರ್ ಹಾಲು ಸೇರಿಸಿ ಹಾಸು ಮಾಡಿರುತ್ತಾರೆ. ಅದರ ಮೇಲೆ ಹತ್ತಿ ಅಥವಾ ಸ್ಪಂಜು. ಎಲ್ಲಕ್ಕಿಂತ ಮೇಲೆ ರೆಕ್ಸಿನ್.

ಹಳೇ ರೆಕ್ಸಿನನ್ನು ಹರಿದು ಎಸೆಯಬಾರದು. ಅದೇ ನಮಗೆ ಅಳತೆ. ಅಳತೆ ರವಿಕೆ ಇದ್ದರೆ ಹೊಸ ರವಿಕೆ ಹೊಲಿಯೋದು ಸುಲಭ ಅಲ್ಲವೇ? ಇದೂ ಹಾಗೇ.

ಹೊಲಿಗೆ ಬಿಚ್ಚುವ ಮೊದಲು, ಗೇಣಿಗೊಂದು ಕಡೆ ಹೊಲಿಗೆಗೆ ಅಡ್ಡವಾಗಿ ಗೆರೆ ಹಾಕ್ತೀವಿ. ಒಂದೊಂದು ತುಂಡಿಗೂ 1, 2, 3 ಅಂತ ನಂಬರು ಬರೀತೀವಿ. ಮುಂಭಾಗಕ್ಕೆ ಬಾಣದ ಗುರುತು ಹಾಕ್ತೀವಿ. ಆಮೇಲೆ ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತೀವಿ. ಹೊಸ ತುಂಡಿಗೂ ಅದೇ ಗೆರೆ, ಅದೇ ನಂಬರು ಹಾಕ್ತೀವಿ. ಗೆರೆಗೆ ಗೆರೆ ಕೂಡಿಸಿ ಹೊಲಿದರೆ ಸೀಟು ಸೊಟ್ಟ ಆಗುವುದಿಲ್ಲ.

ಚೌಕಟ್ಟಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜುತ್ತೀವಿ. ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚುತ್ತೀವಿ. ಮುರಿದ ಸ್ಪ್ರಿಂಗು ಬದಲಾಯಿಸ್ತೀವಿ. ಅದರ ತುದಿ ಚೂಪಾಗಿರುತ್ತದೆ, ಕೈ ಜೋಪಾನ.

ಹೊಲಿಗೆಯ ಗುಟ್ಟು

ಬಟ್ಟೆಯಲ್ಲಿ ತಪ್ಪು ಹೊಲಿಗೆ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ. ರೆಕ್ಸಿನ್‌ನಲ್ಲಿ ಬಿದ್ದ ತೂತು ಹಾಗೇ ಉಳಿಯುತ್ತದೆ. ಅದಕ್ಕೇ ಎರಡು ಸಲ ಅಳೆದು ಒಂದು ಸಲ ಕತ್ತರಿಸಬೇಕು. ಗುರುತನ್ನೂ ಹಿಂಬದಿಯಲ್ಲೇ ಹಾಕಬೇಕು.

ಹೊಲಿಗೆ ತೀರಾ ಒತ್ತಾಗಿ ಹಾಕಬಾರದು. ಯಾಕೆ? ಅಂಚೆ ಚೀಟಿಯ ಅಂಚು ನೋಡಿದ್ದೀರಲ್ಲ? ತೂತು ಒತ್ತಾಗಿದ್ದರೆ ಅಲ್ಲೇ ಹರಿಯುತ್ತದೆ. ಅಂಗುಲಕ್ಕೆ ಆರೇಳು ಹೊಲಿಗೆ ಸಾಕು. ದಪ್ಪ ಸೂಜಿ, ನೈಲಾನ್ ನೂಲು ಬೇಕು. ಮನೆಯ ಸಣ್ಣ ಮೆಷೀನು ದಣಿಯುತ್ತದೆ. ದಪ್ಪ ಹೊಲಿಯುವ ಮೆಷೀನೇ ಬೇಕು.

ಹೊಲಿದ ಕವರನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಇಡ್ತೀವಿ. ರೆಕ್ಸಿನ್ ಮೆತ್ತಗಾಗುತ್ತದೆ. ಆಗ ನಡುವಿನಿಂದ ಅಂಚಿಗೆ ಎಳೆದು ಚೌಕಟ್ಟಿಗೆ ಕ್ಲಿಪ್ಪು ಹಾಕ್ತೀವಿ. ಸುಕ್ಕು ಉಳಿಯುವುದಿಲ್ಲ.

ಬಾಗಿಲಿನ ನೀರು

ಕಾರಿನ ಬಾಗಿಲಿನ ಒಳಗೆ ಮಳೆ ನೀರು ಇಳಿಯುತ್ತದೆ. ಗಾಜಿನ ಸಂದಿನಿಂದ ಇಳಿದು, ಕೆಳಗಿನ ಸಣ್ಣ ತೂತಿನಿಂದ ಹೊರಗೆ ಹೋಗುತ್ತದೆ. ಆ ತೂತು ಕಟ್ಟಿಕೊಂಡರೆ ನೀರು ನಿಂತು ಬಾಗಿಲು ತುಕ್ಕು ಹಿಡಿಯುತ್ತದೆ. ಬಾಗಿಲಿನ ಹಲಗೆ ಬಿಚ್ಚಿದಾಗಲೇ ಕಡ್ಡಿ ಹಾಕಿ ತೂತು ಬಿಡಿಸ್ತೀವಿ. ಹಲಗೆಯ ಹಿಂದೆ ಹೊಸ ಪ್ಲಾಸ್ಟಿಕ್ ಹಾಳೆ ಅಂಟಿಸ್ತೀವಿ. ಇಲ್ಲಾಂದ್ರೆ ಹಲಗೆ ನೆನೆದು ಹಪ್ಪಳದ ಹಾಗೆ ಉಬ್ಬುತ್ತದೆ. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಆದರೂ ಮಾಡಬೇಕು.

ಅಂಟು ಬಳಿಯುವಾಗ ಬಾಗಿಲು, ಕಿಟಕಿ ತೆಗೆದಿಡಿ. ಅದರ ವಾಸನೆ ತಲೆಗೆ ಏರುತ್ತದೆ. ಹತ್ತಿರ ಬೆಂಕಿ ಇರಬಾರದು. ಬೀಡಿ ಸೇದುವವರು ದೂರ ಹೋಗಲಿ. ಮಕ್ಕಳೂ ಹತ್ತಿರ ಬರಬಾರದು.

ಕೂಡಿಸುವಾಗ ಚಾವಣಿ ಮೊದಲು, ಸೀಟು ಕೊನೆಗೆ. ಮನೆಗೆ ಸುಣ್ಣ ಬಳಿಯುವಾಗ ಮೇಲಿನಿಂದ ಕೆಳಕ್ಕೆ ಬರ್ತೀವಲ್ಲ, ಹಾಗೆ.

ಕೂಲಿಯ ಲೆಕ್ಕ

ಇನ್ನೊಂದು ಮುಖ್ಯ ಮಾತು. ಒಬ್ಬ ಯಜಮಾನರು ಕಾರು ಬಿಟ್ಟು ಹೋದರು. ನಮ್ಮಲ್ಲಿ ನಾಲ್ಕು ಜನ ಆರು ದಿನ ಕೆಲಸ ಮಾಡಿದ್ವಿ. ಅವರು ಬಂದು ನೋಡಿದರು. ಸೀಟಿನ ಮೇಲೆ ಕೂತು ಖುಷಿಪಟ್ಟರು. ದುಡ್ಡಿನ ಮಾತು ಬಂದಾಗ, "ಹೆಂಗಸರ ಹೊಲಿಗೆ ತಾನೇ? ಎರಡು ದಿನದ ಕೂಲಿ ತಗೊಳ್ಳಿ" ಅಂದರು.

ನಾವು ಜಗಳ ಆಡಲಿಲ್ಲ. ಪುಸ್ತಕ ತೆಗೆದ್ವಿ. ಯಾವ ದಿನ ಯಾರು ಏನು ಮಾಡಿದರು ಅಂತ ಅದರಲ್ಲಿ ಇತ್ತು. ನಾಲ್ಕು ಜನ, ಆರು ದಿನ. 4 × 6 = 24 ಕೂಲಿ. ರೆಕ್ಸಿನ್, ನಾರು, ನೂಲು, ಅಂಟು, ಬಣ್ಣ ಎಲ್ಲದರ ರಸೀದಿ ಇತ್ತು. ಕೆಲಸ ಶುರು ಮಾಡುವ ಮೊದಲು ದಿನಗೂಲಿ ಎಷ್ಟು ಅಂತ ಬರೆದು ಅವರ ಸಹಿ ಹಾಕಿಸಿದ್ವಿ. ಅದನ್ನೂ ತೋರಿಸಿದ್ವಿ. ಅವರು ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೂರ್ತಿ ಹಣ ಎಣಿಸಿ ಕೊಟ್ಟರು.

ಬಾಯಿ ಮಾತನ್ನು ಯಾರು ಬೇಕಾದರೂ ತಿರುಗಿಸಬಹುದು. ಬರೆದ ಮಾತನ್ನು ತಿರುಗಿಸೋದು ಕಷ್ಟ.

ನೀವೂ ಹೀಗೆ ಮಾಡಿ

ನೀವೆಲ್ಲ ಕಾರಿನ ಕೆಲಸವನ್ನೇ ಮಾಡಬೇಕು ಅಂತ ನಾವು ಹೇಳೋದಿಲ್ಲ. ಹೊಲಿಗೆ ಬಲ್ಲವರು ಆಟೋ ಸೀಟಿನಿಂದ ಶುರು ಮಾಡಬಹುದು. ನಾವು ಶುರು ಮಾಡಿದ್ದೂ ಅದರಿಂದಲೇ. ಆದರೆ ಯಾವ ಕೆಲಸ ಮಾಡಿದರೂ ಒಂದು ಪುಸ್ತಕ ಇಡಿ. ದಿನ ಬರೆಯಿರಿ. ಅಳತೆ ಬರೆಯಿರಿ. ಕೊಟ್ಟಿದ್ದು, ತಗೊಂಡಿದ್ದು ಬರೆಯಿರಿ. ಅಕ್ಷರ ದುಂಡಗೆ ಇಲ್ಲ ಅಂತ ನಾಚಿಕೆ ಬೇಡ. ನಮ್ಮ ಪುಸ್ತಕದಲ್ಲಿ ಒತ್ತಕ್ಷರ ಈಗಲೂ ತಪ್ಪುತ್ತವೆ. ಲೆಕ್ಕ ತಪ್ಪುವುದಿಲ್ಲ.