ಬಾದಾಮಿಗೆ ಹೋದರೆ ಕಾರು ಬಿಟ್ಟು ನಡೆಯಿರಿ



ಇವತ್ತು ಬಾದಾಮಿ ಬಗ್ಗೆ ಮಾತಾಡೋಣ ಅಂತ ಬಂದಿದ್ದೀನಿ. ಗುಹೆಗಳ ಬಗ್ಗೆ ಅಲ್ಲ. ಅವುಗಳ ಬಗ್ಗೆ ನೀವು ಓದಿದ್ದೀರಿ, ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಿಂತು ನೋಡಿಯೂ ಇರ್ತೀರಿ. ನಾನು ಹೇಳಬೇಕು ಅಂತಿರೋದು ಆ ಊರಿನ ಸುತ್ತ ಇರುವ ಕಾಲುದಾರಿಗಳ ವಿಷಯ. ಅವು ಇನ್ನೂ ಇವೆ. ಎಷ್ಟು ದಿನ ಇರ್ತವೆ ಅನ್ನೋದು ಮಾತ್ರ ನಮ್ಮ ಕಾಲಿಗೆ ಬಿಟ್ಟಿದ್ದು.

ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳು. ರಜೆ ಅಂತ ಮಗಳನ್ನ ಕರಕೊಂಡು ಬಾದಾಮಿಗೆ ಹೋಗಿದ್ದೆ. ಅವಳಿಗಾಗ 12 ವರ್ಷ. ಬೆಳಿಗ್ಗೆ ಗುಹೆ ನೋಡಿ ಆಯ್ತು. ಇನ್ನೂ ಹತ್ತೂವರೆ. ಸಿಡಿಲಫಡಿಗೆ ಹೋಗಿ ಬರೋಣ ಅಂದೆ. ಊರಿನಿಂದ ಸುಮಾರು 4 ಕಿಲೋಮೀಟರ್ ದೂರ, ಗುಡ್ಡದ ಮೇಲೆ ಇರುವ ದೊಡ್ಡ ಕಲ್ಲಾಸರೆ ಅದು. ಎರಡು ಭಾರಿ ಬಂಡೆಗಳ ನಡುವೆ ಕಲ್ಲೇ ಸೇತುವೆ ಹಾಗೆ ಬಾಗಿಕೊಂಡಿದೆ. ಮೇಲೆ ಅಲ್ಲಲ್ಲಿ ಕಿಂಡಿ ಬಿದ್ದು ಬೆಳಕು ಇಳಿಯುತ್ತೆ. ಸಿಡಿಲು ಬಡಿದು ಆದದ್ದು ಅಂತ ಜನ ಹೇಳ್ತಾರೆ, ಹೆಸರು ಬಂದದ್ದೂ ಹಾಗೇ. ಚಾಲುಕ್ಯರಿಗಿಂತ ಸಾವಿರಾರು ವರ್ಷ ಮೊದಲೇ ಅಲ್ಲಿ ಮನುಷ್ಯರು ಇದ್ದರು, ಗೋಡೆ ಮೇಲೆ ಚಿತ್ರ ಬರೆದರು.

ನಾಲ್ಕೇ ಕಿಲೋಮೀಟರ್ ಅಲ್ವಾ ಅಂತ ಇಬ್ಬರಿಗೆ ಸೇರಿ ಒಂದು ಲೀಟರ್ ನೀರಿನ ಬಾಟಲಿ ತಗೊಂಡೆ. ಕಾಲಿಗೆ ಚಪ್ಪಲಿ.

ಬಾದಾಮಿಯ ಗುಡ್ಡದ ಮೇಲಿನ ನೆಲ ಹೇಗಿದೆ ಅಂತ ನೋಡದವರಿಗೆ ಹೇಳಬೇಕು. ಅದು ಮಣ್ಣಲ್ಲ. ಕೆಂಪು ಮರಳುಗಲ್ಲಿನ ಹಾಸುಬಂಡೆ, ಅಂಗಳದ ಹಾಗೆ ಹರಡಿಕೊಂಡಿರುತ್ತೆ. ನಡುವೆ ಕಂಟಿ, ಕಂಟಿ ಆದ ಮೇಲೆ ಮತ್ತೆ ಬಂಡೆ. ಮಣ್ಣಿನ ದಾರಿಯಲ್ಲಾದರೆ ಹೆಜ್ಜೆ ಮೂಡಿರುತ್ತೆ. ಬಂಡೆ ಮೇಲೆ ಹೆಜ್ಜೆ ಎಲ್ಲಿ ಹುಡುಕ್ತೀರಿ? ಅರ್ಧ ಗಂಟೆಯಲ್ಲಿ ನನಗೆ ದಿಕ್ಕು ತಪ್ಪಿತು. ಮೊಬೈಲ್‌ನಲ್ಲಿ ನೆಟ್‌ವರ್ಕ್ ಇಲ್ಲ. ಬಿಸಿಲು ನೆತ್ತಿ ಮೇಲೆ, ಕೆಳಗಿನಿಂದ ಬಂಡೆಯ ಕಾವು. ನೀರು ಖಾಲಿ. ಮಗಳು ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸೋ ಹುಡುಗಿ ಅಲ್ಲ. ಅವಾಗ ನನಗೆ ಭಯ ಆಯ್ತು.

ಕಾಪಾಡಿದ್ದು ಒಬ್ಬ ಕುರಿಗಾಹಿ ಅಜ್ಜ. ದೂರದಿಂದಲೇ ಕೂಗಿ ಕೇಳಿದರು, “ಯಣ್ಣಾ, ಈ ಬಿಸಲಾಗ ಕೂಸಿನ್ನ ಕರಕೊಂಡು ಎಲ್ಲಿ ಹೊಂಟೀರಿ?” ಸಿಡಿಲಫಡಿ ಅಂದೆ. ಅವರು ನಕ್ಕರು. “ಅದು ಆ ಕಡೆ ಆತ್ರಿ. ನೀವು ಕೊಳ್ಳದ ಕಡೆ ಹೊಂಟೀರಿ.” ಹೆಗಲಿಗಿದ್ದ ನೀರಿನ ಕ್ಯಾನು ಇಳಿಸಿ ಮೊದಲು ಮಗಳಿಗೆ ಕುಡಿಸಿದರು. ನೆರಳಿಗೆ ಕೂರಿಸಿದರು. ಆಮೇಲೆ ನನಗೊಂದು ಪಾಠ ಹೇಳಿದರು. “ದಾರಿ ಇಲ್ಲ ಅಂತೀರಲ್ಲ, ಬಂಡಿ ನೋಡ್ರಿ. ಮಂದಿ ಅಡ್ಡಾಡಿದಲ್ಲೆ ಸವದು ಬೆಳ್ಳಗ ಆಗಿರತೈತಿ. ಅಡ್ಡಾಡದಲ್ಲೆ ಕರ್ರಗ ಇರತೈತಿ.”

ನೋಡಿದರೆ ಹೌದು! ಮಳೆ ಬಿಸಿಲಿಗೆ ಬಂಡೆ ಮೇಲೆ ಪಾಚಿ ಒಣಗಿ ಕಪ್ಪು ಪದರ ಕಟ್ಟಿರುತ್ತೆ. ಜನ, ದನ, ಕುರಿ ನಡೆದ ಕಡೆ ಆ ಪದರ ಸವೆದು ಕಲ್ಲಿನ ತಿಳಿಬಣ್ಣ ಕಾಣುತ್ತೆ. ಒಂದು ಮೊಳ ಅಗಲದ ಗೆರೆ, ಬಂಡೆಯಿಂದ ಬಂಡೆಗೆ. ಅಷ್ಟು ಹೊತ್ತು ನಾನು ಅದರ ಪಕ್ಕದಲ್ಲೇ ನಡೀತಾ ದಾರಿ ಹುಡುಕ್ತಾ ಇದ್ದೆ.

ಅವತ್ತು ಸಿಡಿಲಫಡಿ ನೋಡಲಿಲ್ಲ. ಅಜ್ಜ ನಮ್ಮನ್ನ ಕೆರೆ ಕಾಣೋವರೆಗೆ ಬಿಟ್ಟು ಹೋದರು. ದುಡ್ಡು ಕೊಡೋಕೆ ಹೋದರೆ ಕೈ ಹಿಂದೆ ಕಟ್ಟಿಕೊಂಡರು.

ಇಷ್ಟು ಕಥೆ ಯಾಕೆ ಹೇಳಿದೆ ಅಂದ್ರೆ, ಆ ಬೆಳ್ಳನೆಯ ಗೆರೆ ಗೊತ್ತಾದ ಮೇಲೆ ನನಗೆ ಬಾದಾಮಿ ಬೇರೆ ಊರಾಗಿ ಕಾಣೋಕೆ ಶುರುವಾಯ್ತು. ಆಮೇಲೆ ನಾಲ್ಕು ಸಲ ಹೋಗಿದ್ದೀನಿ, ಎಲ್ಲವೂ ಚಳಿಗಾಲದಲ್ಲಿ, ಎಲ್ಲವೂ ನಡೆಯೋಕೆ ಅಂತಲೇ.

ಊರಿನ ಒಳಗಿನಿಂದ ಶುರು ಮಾಡೋಣ. ಬಸ್ ನಿಲ್ದಾಣದ ರಸ್ತೆ ಬಿಟ್ಟು ಓಣಿಗಳೊಳಗೆ ಪೂರ್ವಕ್ಕೆ ನಡೆದರೆ ಅಗಸ್ತ್ಯ ತೀರ್ಥ ಸಿಗುತ್ತೆ. ಎಡಕ್ಕೆ ಉತ್ತರದ ಗುಡ್ಡ, ಬಲಕ್ಕೆ ಗುಹೆಗಳಿರುವ ದಕ್ಷಿಣದ ಗುಡ್ಡ, ನಡುವೆ ಕೆರೆ. ಕೆರೆಯ ಆ ತುದಿಗೆ ಭೂತನಾಥ ಗುಡಿಗಳು. ಬೆಳಿಗ್ಗೆ ಹೋದರೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಎರಡೂ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತೆ. ಮಳೆಗಾಲದಲ್ಲಿ ಜೋರು ಮಳೆ ಆದ ಮೇಲೆ ಹೋದರೆ ಬಂಡೆಯಿಂದ ಜೋಡಿ ಜಲಪಾತ ಬೀಳುತ್ತೆ, ಅಕ್ಕ-ತಂಗಿ ಅಂತ ಕರೀತಾರೆ.

ವಸ್ತು ಸಂಗ್ರಹಾಲಯದ ಹತ್ತಿರದಿಂದ ಉತ್ತರದ ಕೋಟೆಗೆ ಹತ್ತಬಹುದು. ಬಂಡೆ ಸೀಳಿದ ಇಕ್ಕಟ್ಟಾದ ಸಂದಿಯಲ್ಲಿ ಮೆಟ್ಟಿಲು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಜಾಗಗಳಿವೆ. ಮೇಲೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಇದೇ ಗುಡ್ಡದ ಬಂಡೆ ಮೇಲೆ 543ರ ಶಾಸನ ಇದೆ, ಶಕ ವರ್ಷ 465. ಒಂದನೇ ಪುಲಕೇಶಿ ವಾತಾಪಿಯ ಈ ಗುಡ್ಡವನ್ನ ಕೋಟೆ ಮಾಡಿದ ಅಂತ ಅದು ಹೇಳುತ್ತೆ. ಆ ಸಂದಿಯಲ್ಲಿ ಹತ್ತಿದ ಮೇಲೆ ಅವನು ಈ ಜಾಗ ಯಾಕೆ ಆರಿಸಿದ ಅಂತ ಯಾರೂ ವಿವರಿಸಬೇಕಿಲ್ಲ. ಏದುಸಿರು ಬಿಡ್ತಾ ಇರ್ತೀರಿ, ನಿಮಗೇ ಗೊತ್ತಾಗುತ್ತೆ. ಇಷ್ಟು ಗಟ್ಟಿ ಜಾಗವೂ 642ರಲ್ಲಿ ಪಲ್ಲವರ ನರಸಿಂಹವರ್ಮನ ಕೈಗೆ ಹೋಯ್ತು ಅನ್ನೋದೂ ಮೇಲೆ ನಿಂತು ನೆನೆಸಿಕೊಂಡಾಗ ಬೇರೆ ಥರ ಅನ್ನಿಸುತ್ತೆ.

ಕೆರೆಯ ಈಶಾನ್ಯಕ್ಕೆ ನಡೆದರೆ ಇನ್ನೊಂದು ಬಂಡೆ, ಕಪ್ಪೆ ಅರಭಟ್ಟನ ಶಾಸನ. ಸುಮಾರು 700ರ ಕಾಲದ್ದು. ಕನ್ನಡದ ತ್ರಿಪದಿ ಅಂದ್ರೆ ನಮಗೆ ಸರ್ವಜ್ಞ ನೆನಪಾಗ್ತಾನೆ, ಬೀಸುವ ಕಲ್ಲಿನ ಹಾಡು ನೆನಪಾಗುತ್ತೆ. ಸಿಕ್ಕಿರುವ ತ್ರಿಪದಿಗಳಲ್ಲಿ ತೀರಾ ಹಳೆಯವು ಇಲ್ಲೇ ಇವೆ, ಬಯಲಲ್ಲಿ, ಬಂಡೆ ಮೇಲೆ. ನಾನಿದ್ದ ಒಂದು ಗಂಟೆಯಲ್ಲಿ ಅಲ್ಲಿಗೆ ಬಂದದ್ದು ಎರಡು ಆಡು ಮಾತ್ರ. ಅದೇ ಹೊತ್ತಿಗೆ ಗುಹೆಗಳ ಕೆಳಗೆ ಕಾರು ನಿಲ್ಲಿಸೋಕೆ ಜಾಗ ಇರಲಿಲ್ಲ.

ಈಗ ನನಗೆ ತೀರಾ ಹತ್ತಿರದ ದಾರಿಗೆ ಬರ್ತೀನಿ. ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಕಾಲುದಾರಿ.

ರಸ್ತೆ ಗುಡ್ಡ ಬಳಸಿ ಹೋಗುತ್ತೆ. ಕಾಲುದಾರಿ ಗುಡ್ಡದ ಮೇಲಿಂದ ನೇರ ಹೋಗುತ್ತೆ, ಸುಮಾರು ಎರಡು ಗಂಟೆ ನಡಿಗೆ. ಸಂಗ್ರಹಾಲಯದ ಮೇಲ್ಭಾಗದಿಂದ ಹತ್ತಿದರೆ ಮೊದಲು ಹಾಸುಬಂಡೆ, ಆಮೇಲೆ ಕಂಟಿ ಕಾಡು, ಸೀತಾಫಲದ ಗಿಡಗಳು. ಅಲ್ಲಲ್ಲಿ ಬಿದ್ದುಹೋದ ಸಣ್ಣ ಗುಡಿಗಳು. ಕೊನೆಗೆ ಇದ್ದಕ್ಕಿದ್ದ ಹಾಗೆ ಕೆತ್ತನೆಯ ಕಲ್ಲಿನ ಬಾಗಿಲು. ಸುತ್ತ ಊರಿಲ್ಲ, ಬಾಗಿಲು ಮಾತ್ರ ನಿಂತಿದೆ. ಅದರೊಳಗೆ ಕಾಲಿಟ್ಟರೆ ಕಲ್ಲು ಹಾಸಿದ ಇಳಿಜಾರು. ಕೆಳಗೆ ಮರಗಳ ನಡುವೆ ಮಹಾಕೂಟದ ಶಿಖರಗಳು ಒಂದೊಂದಾಗಿ ಕಾಣ್ತವೆ. ನೀರಿನ ಹೊಂಡ, ಹೊಂಡದೊಳಗೆ ಪುಟ್ಟ ಮಂಟಪದಲ್ಲಿ ಲಿಂಗ, ಸುತ್ತ ದ್ರಾವಿಡ ಶೈಲಿಯ ಗುಡಿ, ನಾಗರ ಶೈಲಿಯ ಗುಡಿ ಅಕ್ಕಪಕ್ಕ. ಮಂಗಳೇಶ ನಿಲ್ಲಿಸಿದ ಶಾಸನದ ಕಂಬವೂ ಇಲ್ಲೇ ಇತ್ತು, ಈಗ ವಿಜಯಪುರದ ಸಂಗ್ರಹಾಲಯದಲ್ಲಿದೆ.

ನಮ್ಮ ಆಯಿ, ಅಂದ್ರೆ ಅವ್ವನ ಅವ್ವ, ಬಾದಾಮಿ ಕಡೆಯವರು. ಶ್ರಾವಣ ಸೋಮವಾರ ಓಣಿಯ ಹೆಣ್ಣುಮಕ್ಕಳ ಜೊತೆ ಇದೇ ದಾರಿಯಲ್ಲಿ ಮಹಾಕೂಟಕ್ಕೆ ಹೋಗ್ತಿದ್ದರು. ಬೆಳಕು ಹರಿಯೋ ಮುಂಚೆ ಹೊರಟು, ಹೊಂಡದಲ್ಲಿ ಮಿಂದು, ಗಂಟಿನ ಬುತ್ತಿ ಉಂಡು, ಹೊತ್ತು ಇಳಿದ ಮೇಲೆ ವಾಪಸ್. ಬಸ್ಸು ಬಂದ ಮೇಲೆ ಒಬ್ಬೊಬ್ಬರೇ ಬಿಟ್ಟರು. ಆಯಿಯೂ ಬಿಟ್ಟರು, ಮೊಣಕಾಲು ಕೇಳಲಿಲ್ಲ. ಅವರು ಒಮ್ಮೆ ಅಂದದ್ದು ನನಗೆ ನೆನಪಿದೆ. “ಬಸ್ಸಿನಾಗ ಹೋದ್ರ ದೇವ್ರೇನ ಬ್ಯಾಡ ಅನ್ನಂಗಿಲ್ಲ. ಆದ್ರ ದಾರಿ ಮುಚ್ಚಿ ಹೊಕ್ಕೈತಿ.”

ಇದರಲ್ಲೇ ನನ್ನ ಇವತ್ತಿನ ಮಾತೆಲ್ಲ ಇದೆ. ಗುಡಿ ಬಿದ್ದರೆ ಕಟ್ಟಿ ನಿಲ್ಲಿಸ್ತಾರೆ, ಸುತ್ತ ಬೇಲಿ ಹಾಕ್ತಾರೆ, ಕಾವಲು ಇಡ್ತಾರೆ. ಸರಿ, ಬೇಕಾದದ್ದೇ. ಆದರೆ ಕಾಲುದಾರಿಯನ್ನ ಬೇಲಿ ಹಾಕಿ ಉಳಿಸೋಕಾಗಲ್ಲ. ನಡೆಯೋರು ನಿಂತರೆ ಎರಡು ಮಳೆಗಾಲದಲ್ಲಿ ಕಂಟಿ ಮುಚ್ಚುತ್ತೆ. ಬಂಡೆ ಮೇಲಿನ ಬೆಳ್ಳನೆಯ ಗೆರೆ ನಿಧಾನಕ್ಕೆ ಕಪ್ಪಾಗುತ್ತೆ. ಆಮೇಲೆ ಆ ಕೆತ್ತನೆಯ ಬಾಗಿಲು ಉಳಿಯುತ್ತೆ, ಆದರೆ ಅದು ಎಲ್ಲಿಂದ ಎಲ್ಲಿಗೆ ಹೋಗೋರಿಗೆ ಇಟ್ಟ ಬಾಗಿಲು ಅಂತ ಹೇಳೋರು ಇರಲ್ಲ. ಮೊದಲ ಸಲ ನಾನು ಆ ದಾರಿ ಹಿಡಿದಾಗ ಮೂರು ಕಡೆ ಕವಲಿನಲ್ಲಿ ನಿಂತು ಯೋಚಿಸಬೇಕಾಯ್ತು. ಒಂದು ಕಡೆಯೂ ಫಲಕ ಕಾಣಲಿಲ್ಲ. ಆಯಿಯ ಕಾಲದಲ್ಲಿ ಯಾರಿಗೂ ಫಲಕ ಬೇಕಿರಲಿಲ್ಲ, ಮುಂದೆ ನಡೆಯುವವರ ಬೆನ್ನೇ ಕಾಣ್ತಿತ್ತು.

“ಹಾಗಾದ್ರೆ ಎಲ್ಲರೂ ಹೋಗಿಬಿಟ್ಟರೆ ಜಾಗ ಹಾಳಾಗಲ್ವಾ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಂಡೆಗಳ ಮೇಲೆ ಹೆಸರು ಗೀಚಿ ಹೃದಯದ ಚಿತ್ರ ಬಿಡಿಸಿರೋದನ್ನ ನಾನೇ ನೋಡಿದ್ದೀನಿ. ಚಿಪ್ಸ್ ಪ್ಯಾಕೆಟ್ಟು, ಬಾಟಲಿ ನೋಡಿದ್ದೀನಿ. ನನ್ನ ಅನುಭವದಲ್ಲಿ ಅವೆಲ್ಲ ಹೆಚ್ಚು ಇರೋದು ಕಾರಿನಿಂದ ನೂರು ಹೆಜ್ಜೆ ಒಳಗೆ. ಎರಡು ಗಂಟೆ ನಡೆದು ಬಂದವನಿಗೆ ಜಾಗದ ಬೆಲೆ ಸ್ವಲ್ಪ ಗೊತ್ತಿರುತ್ತೆ. ಎಲ್ಲರಿಗೂ ಅಲ್ಲ, ಒಪ್ಪಿಕೊಳ್ತೀನಿ. ಅದಕ್ಕೇ ಹೇಳೋದು, ಗುಂಪು ಕಟ್ಟಿಕೊಂಡು ಐವತ್ತು ಜನ ಹೋಗಬೇಡಿ. ನಾಲ್ಕೈದು ಜನ ಹೋಗಿ. ಊರಿನವರೊಬ್ಬರನ್ನ ಜೊತೆಗೆ ಕರಕೊಳ್ಳಿ, ಅವರ ಒಂದು ದಿನದ ದುಡಿಮೆಗೆ ಸರಿಯಾದ ಹಣ ಕೊಡಿ. ಗುಡ್ಡದ ದಾರಿ ಬಲ್ಲವರಿಗೆ ಅದರಿಂದ ನಾಲ್ಕು ಕಾಸು ಸಿಗುತ್ತೆ ಅಂತಾದರೆ, ಅವರ ಮಕ್ಕಳೂ ದಾರಿ ಕಲೀತಾರೆ.

ಹೋಗೋರಿಗೆ ಕೆಲವು ಮಾತು. ಪೆಟ್ಟು ತಿಂದು ಕಲಿತದ್ದು.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಬೆಳಿಗ್ಗೆ ಆರೂವರೆಗೆ ಗುಡ್ಡ ಹತ್ತೋಕೆ ಶುರು ಮಾಡಿ, ಹತ್ತೂವರೆ ಒಳಗೆ ನೆರಳು ಸೇರಿ. ಒಬ್ಬರಿಗೆ ಕಡಿಮೆ ಅಂದ್ರೂ ಎರಡು ಲೀಟರ್ ನೀರು. ಹಿಡಿತ ಇರುವ ಶೂ ಹಾಕಿ, ಮಳೆ ಬಂದು ಹೋದ ಮೇಲೆ ಬಂಡೆ ವಿಪರೀತ ಜಾರುತ್ತೆ. ಕೋಡುಗಲ್ಲುಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ, ಅಲ್ಲಿ ಕೂಗಾಟ, ಸೆಂಟು, ಬೀಡಿ ಸಿಗರೇಟು ಬೇಡವೇ ಬೇಡ. ಮಂಗಗಳ ಮುಂದೆ ತಿಂಡಿ ಚೀಲ ತೆರೀಬೇಡಿ. ಸಿಡಿಲಫಡಿಯ ಚಿತ್ರಗಳನ್ನ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಬೇಡಿ, ನೀರು ಹಾಕಿ ಒರೆಸಬೇಡಿ. ಎಲ್ಲಿಗೆ ಹೋಗ್ತಿದ್ದೀವಿ ಅಂತ ಲಾಡ್ಜ್‌ನಲ್ಲಿ ಒಬ್ಬರಿಗಾದರೂ ಹೇಳಿ ಹೊರಡಿ. ಹೋದ ಕಾಲಲ್ಲೇ ವಾಪಸ್ ನಡೆಯೋಕೆ ಆಗದವರು ಮಹಾಕೂಟದಿಂದ ವಾಹನ ಹಿಡಿದು ಬಾದಾಮಿಗೆ ಬರಬಹುದು, ಅದರಲ್ಲಿ ನಾಚಿಕೆ ಏನಿಲ್ಲ.

ಮಹಾಕೂಟದಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಊಟ ಇಟ್ಟುಕೊಂಡು ಕೂತಿರ್ತಾರೆ. ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಕೆಂಪು ಖಾರ, ಮೇಲೆ ಗಟ್ಟಿ ಮೊಸರು. ನಡೆದು ಬಂದ ಹೊಟ್ಟೆಗೆ ಆ ಊಟದ ರುಚಿ ಕಾರಿನಲ್ಲಿ ಬಂದವರಿಗೆ ಗೊತ್ತಾಗಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

ಹೋದ ಡಿಸೆಂಬರ್‌ನಲ್ಲಿ ಮಗಳು ಮತ್ತೆ ಜೊತೆಗೆ ಬಂದಳು. ಈಗ ಕಾಲೇಜು. ಬರಲ್ಲ ಅಂದವಳು ಕೊನೆ ಗಳಿಗೆಯಲ್ಲಿ ಶೂ ಹಾಕಿಕೊಂಡಳು. ಗುಡ್ಡದ ಮೇಲೆ ಒಂದು ಕವಲು ಬಂತು. ನಾನು ಎಡಕ್ಕೆ ತಿರುಗಿದೆ. ಅವಳು ನಿಂತು ಬಂಡೆ ನೋಡಿದಳು. “ಅಪ್ಪಾ, ಆ ಕಡೆ ಕಪ್ಪಗಿದೆ. ಈ ಕಡೆ ಬಾ” ಅಂದಳು. ಅವಳು ಹೇಳಿದ್ದೇ ಸರಿ ಇತ್ತು.

ಆ ಕುರಿಗಾಹಿ ಅಜ್ಜನನ್ನ ಹೋದಾಗಲೆಲ್ಲ ಹುಡುಕಿದ್ದೀನಿ, ಮತ್ತೆ ಸಿಕ್ಕಿಲ್ಲ. ನೀವು ಆ ಕಡೆ ಹೋದಾಗ ಯಾರಾದರೂ ಕುರಿಗಾಹಿ ಸಿಕ್ಕರೆ ಎರಡು ನಿಮಿಷ ನಿಂತು ಮಾತಾಡಿಸಿ. ದಾರಿ ಕೇಳಿ, ಗೊತ್ತಿದ್ದರೂ ಕೇಳಿ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಸುತ್ತಲೂ ಇಂಥ ದಾರಿ ಇದ್ದೇ ಇರುತ್ತೆ, ನಿಮ್ಮ ಅಜ್ಜಿಗೋ ಅಜ್ಜನಿಗೋ ಗೊತ್ತಿರುತ್ತೆ. ಈ ಭಾನುವಾರ ಕೇಳಿ ನೋಡಿ. ಮತ್ತೆ ಸಿಗೋಣ, ನಮಸ್ಕಾರ.